ಜಿಂಕೆ ಬೇಟೆಯ ರೈಫಲ್: ತಪ್ಪು ಖರೀದಿಯಿಂದ ಸರಿಯಾದ ಜೀರೋವರೆಗೆ

ಕೆಲಸ ಮುಗಿಯಿತು. ರೈಫಲ್ ಒರೆಸಿ, ಬೋಲ್ಟ್ (ತೋಟೆಯನ್ನು ನಳಿಗೆಗೆ ತಳ್ಳಿ ಮುಚ್ಚುವ ಭಾಗ) ಬೇರೆ ತೆಗೆದು, ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಶುರು ಮಾಡಿ ಏಳು ತಿಂಗಳಾಯಿತು. ಜೀರೋ ಅಂದರೆ ಗುರಿಗೆ ತಕ್ಕಂತೆ ಗುಂಡು ಬೀಳುವ ಹಾಗೆ ಸ್ಕೋಪನ್ನು, ಅಂದರೆ ರೈಫಲ್ ಮೇಲಿನ ಗುರಿ ನೋಡುವ ದುರ್ಬೀನನ್ನು, ಹೊಂದಿಸುವುದು. ನೋಟ್‌ಬುಕ್ಕಿನಲ್ಲಿ ಅವತ್ತವತ್ತು ಬರೆದಿಟ್ಟಿದ್ದನ್ನು ಕ್ರಮವಾಗಿ ಇಲ್ಲಿ ಇಳಿಸುತ್ತಿದ್ದೇನೆ. ತಪ್ಪುಗಳನ್ನು ಬಿಟ್ಟಿಲ್ಲ. ಹೊಸದಾಗಿ ಆರಿಸುವವರಿಗೆ ಅವೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ ಅಂತ ನನ್ನ ನಂಬಿಕೆ.

ಬೇಕಾಗಿದ್ದು ಇಷ್ಟು: ಕಾನೂನು ಒಪ್ಪುವ ಕಡೆ, ಲೈಸೆನ್ಸ್ ಮತ್ತು ಟ್ಯಾಗ್ (ಹೊಡೆದ ಪ್ರಾಣಿಗೆ ಕಟ್ಟುವ ಅನುಮತಿ ಚೀಟಿ) ಪಡೆದು, ಸೀಸನ್ನಿನಲ್ಲಿ ಜಿಂಕೆ ಹೊಡೆಯಲು ಒಂದು ರೈಫಲ್. ದೂರ ಹೆಚ್ಚೆಂದರೆ 200 ಮೀಟರ್. ನಡೆದು ಹೋಗುವ ಬೇಟೆ, ಬೆಟ್ಟದ ದಾರಿ. ಜಿಂಕೆ ಒಂದೇ ಗುಂಡಿಗೆ, ನರಳದೆ ಬೀಳಬೇಕು. ಕೊನೆಯ ಮಾತಿನ ಮೇಲೆಯೇ ಉಳಿದ ತೀರ್ಮಾನಗಳೆಲ್ಲ ನಿಂತಿವೆ.

ಹಂತ 1: ಮೊದಲು ನಿಯಮ (ವಾರ 1)

ಅಂಗಡಿಗೆ ಹೋಗುವ ಮೊದಲು ನಿಯಮದ ಪುಸ್ತಕ ಓದಿದೆ. ಇದೊಂದನ್ನು ಸರಿಯಾದ ಹೊತ್ತಿಗೆ ಮಾಡಿದೆ.

ಪ್ರತಿ ಜಾಗಕ್ಕೂ ಅದರದೇ ಕನಿಷ್ಠ ಮಿತಿ ಇದೆ. ಜರ್ಮನಿಯಲ್ಲಿ ಸಣ್ಣ ರೋ ಜಿಂಕೆಗೆ 100 ಮೀಟರ್ ದೂರದಲ್ಲಿ ಗುಂಡಿಗೆ 1000 ಜೂಲ್ ಶಕ್ತಿ ಉಳಿದಿರಬೇಕು. ಅದಕ್ಕಿಂತ ದೊಡ್ಡ ಜಿಂಕೆಗಳಿಗೆ ಕನಿಷ್ಠ 6.5 ಮಿಲಿಮೀಟರ್ ಗುಂಡು, 2000 ಜೂಲ್. ಅಮೆರಿಕದ ಕೊಲೊರಾಡೋದಲ್ಲಿ .24 ಕ್ಯಾಲಿಬರ್‌ಗಿಂತ (ಗುಂಡಿನ ದಪ್ಪ 0.24 ಇಂಚು, ಸುಮಾರು 6 ಮಿಲಿಮೀಟರ್) ಕಡಿಮೆ ಇರಬಾರದು. ಅಲ್ಲೇ ಓಹಾಯೋ ತರದ ರಾಜ್ಯಗಳಲ್ಲಿ ರೈಫಲ್‌ನಲ್ಲಿ ನೇರ ಗೋಡೆಯ ಕೇಸ್ (ಮದ್ದು ತುಂಬುವ ಲೋಹದ ಕೊಳವೆ, ಕುತ್ತಿಗೆ ಕಿರಿದಾಗದ್ದು) ಇರುವ ತೋಟೆಗಳಿಗೆ ಮಾತ್ರ ಅನುಮತಿ. ಹಾಗಾಗಿ ನಾನು ಮುಂದೆ ಹೇಳುವ ಹೆಸರುಗಳಲ್ಲಿ ಒಂದೂ ಅಲ್ಲಿ ನಡೆಯುವುದಿಲ್ಲ. ಸೀಸದ ಗುಂಡಿಗೂ ನಿಷೇಧ ಬರುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸ ಇಲ್ಲ, ಡೆನ್ಮಾರ್ಕ್‌ನಲ್ಲಿ 2024ರಿಂದ ರೈಫಲ್ ಗುಂಡಿಗೂ ಇಲ್ಲ.

ಇದನ್ನು ಓದಿದ ಮೇಲೆ ಪುಟದ ತುದಿಯಲ್ಲಿ ಒಂದು ಸಾಲು ಬರೆದುಕೊಂಡೆ: ತಾಮ್ರದ ಗುಂಡನ್ನೂ ಚೆನ್ನಾಗಿ ಹೊಡೆಯುವ ರೈಫಲ್ ಬೇಕು.

ಹಂತ 2: ತಪ್ಪು ಖರೀದಿ (ವಾರ 2 ರಿಂದ 6)

"ಜಾಸ್ತಿ ಶಕ್ತಿ ಇದ್ದರೆ ಒಳ್ಳೆಯದೇ ಅಲ್ವಾ" ಎಂದುಕೊಂಡು .30-06 ಸ್ಪ್ರಿಂಗ್‌ಫೀಲ್ಡ್ ತೋಟೆಯ ರೈಫಲ್ ತೆಗೆದುಕೊಂಡೆ. ಕಾರ್ಟ್ರಿಜ್‌ನಲ್ಲಿ, ಅಂದರೆ ತೋಟೆಯ ಆ ಬಗೆಯಲ್ಲಿ, ದೋಷವಿಲ್ಲ. 1906ರಿಂದ ಇದೆ, ಇದರಿಂದ ಬಿದ್ದ ಜಿಂಕೆಗಳಿಗೆ ಲೆಕ್ಕವಿಲ್ಲ. ನನ್ನ ತಪ್ಪು ಬೇರೆ ಇತ್ತು. ಬೆಟ್ಟ ಹತ್ತಬೇಕಲ್ಲ ಎಂದು ಅಂಗಡಿಯಲ್ಲಿದ್ದ ಅತಿ ಹಗುರ ರೈಫಲ್ ಆರಿಸಿದೆ. 2.7 ಕಿಲೋ. ಸ್ಕೋಪ್, ಅದನ್ನು ಹಿಡಿಯುವ ರಿಂಗ್ ಸೇರಿ 3.2 ಕಿಲೋ. ಅದಕ್ಕೆ 180 ಗ್ರೇನ್, ಅಂದರೆ 11.7 ಗ್ರಾಂ ಗುಂಡಿನ ತೋಟೆ.

ಮೊದಲ ದಿನ ಬೆಂಚಿನ ಮೇಲೆ ಕೂತು 20 ಸುತ್ತು ಹೊಡೆದೆ. ಟಿ-ಶರ್ಟ್ ಮೇಲೆ, ಭುಜಕ್ಕೆ ಏನನ್ನೂ ಇಟ್ಟುಕೊಳ್ಳದೆ. ಸಂಜೆ ಹೊತ್ತಿಗೆ ಭುಜ ನೀಲಿಗಟ್ಟಿತ್ತು. 100 ಮೀಟರ್‌ನಲ್ಲಿ ಮೊದಲ ಐದು ಗುಂಡು 7 ಸೆಂಟಿಮೀಟರ್ ಒಳಗೆ ಬಿದ್ದಿದ್ದವು. ಕೊನೆಯ ಐದು 13 ಸೆಂಟಿಮೀಟರ್.

ಎರಡನೇ ದಿನ ಇನ್ನೂ ಕೆಟ್ಟಿತು. ಮೂರನೇ ದಿನ ಆರೇ ಸುತ್ತು ಹೊಡೆದೆ. 19 ಸೆಂಟಿಮೀಟರ್ ಹರಡಿತ್ತು. ಸ್ಕೋಪ್ ಕೆಟ್ಟಿದೆ ಎಂದುಕೊಂಡು ರಿಂಗ್ ಬಿಚ್ಚಿ ಮತ್ತೆ ಕೂರಿಸಿದೆ. ಬೇರೆ ಬಾಕ್ಸ್ ತೋಟೆ ತಂದೆ. ನಳಿಗೆ ತೊಳೆದೆ. ಯಾವುದರಿಂದಲೂ ಬದಲಾಗಲಿಲ್ಲ.

ಆಗ ಭಾವನನ್ನು ಕರೆದೆ. ಅಕ್ಕನ ಗಂಡ. ಇಪ್ಪತ್ತು ವರ್ಷದಿಂದ ಬೇಟೆ ಮಾಡುತ್ತಿರುವವರು. ಅವರು ರೈಫಲ್ ಮುಟ್ಟಿಯೂ ನೋಡಲಿಲ್ಲ. ಜೇಬಿನಿಂದ ಎರಡು ಡಮ್ಮಿ (ಮದ್ದಿಲ್ಲದ ನಕಲಿ) ತೋಟೆ ತೆಗೆದರು. ನನಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ಮ್ಯಾಗಜೀನ್‌ನಲ್ಲಿ ನಿಜವಾದ ತೋಟೆ, ಡಮ್ಮಿ ಎರಡನ್ನೂ ಬೆರೆಸಿ ಹಾಕಿದರು.

ಮೊದಲನೆಯದು ಹೊಡೆಯಿತು. ಎರಡನೆಯದಕ್ಕೆ ಟ್ರಿಗರ್ ಎಳೆದೆ, ಟಿಕ್ ಅಂದಿತು ಅಷ್ಟೇ. ಆದರೆ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಹೋಗಿ ಬಂತು. ಒದೆತವೇ ಇಲ್ಲದೆ ನಾನೇ ರೈಫಲನ್ನು ಕೆಳಗೆ ತಳ್ಳಿದ್ದೆ.

"ಕಣ್ಣು ಮುಚ್ತಾ ಇದ್ದೀಯ ನೀನು. ಭುಜಾನ ಮುಂದೆ ತಳ್ತಾ ಇದ್ದೀಯ. ರೈಫಲ್ಲಿಗೆ ಏನೂ ಆಗಿಲ್ಲ."

"ಭಾವ, ಅಭ್ಯಾಸ ಮಾಡಿದ್ರೆ ಸರಿಹೋಗಲ್ವಾ?"

"ಇದರ ಮೇಲೆ ಅಭ್ಯಾಸ ಮಾಡಿದ್ರೆ ಹೆದರಿಕೇನೇ ಅಭ್ಯಾಸ ಆಗುತ್ತೆ. ಮೊದಲು ಇದನ್ನ ಬಿಡು."

ಮನೆಗೆ ಬಂದು ಲೆಕ್ಕ ಹಾಕಿದೆ. 3.2 ಕಿಲೋ ರೈಫಲ್, 180 ಗ್ರೇನ್ ಗುಂಡು: ಒದೆತದ ಶಕ್ತಿ ಸುಮಾರು 30 ಜೂಲ್. ಭಾವನ ರೈಫಲ್‌ಗೆ 17 ಜೂಲ್. ಹತ್ತಿರ ಹತ್ತಿರ ಎರಡು ಪಟ್ಟು. ಈ ಗುಣಾಕಾರವನ್ನು ಕೊಳ್ಳುವ ಮೊದಲು ಮಾಡಬೇಕಿತ್ತು.

46 ಸುತ್ತು ಹೊಡೆದಿದ್ದ ಆ ರೈಫಲ್ ಮಾರಿದೆ. ಕೊಟ್ಟ ಹಣದಲ್ಲಿ ನಾಲ್ಕನೇ ಒಂದು ಭಾಗ ಹೋಯಿತು. ಭುಜದ ನೀಲಿ ಎರಡು ವಾರದಲ್ಲಿ ಹೋಯಿತು, ಕಣ್ಣು ಮುಚ್ಚುವ ಚಟ ಹೋಗಲು ಮೂರು ತಿಂಗಳು ಬೇಕಾಯಿತು.

ಹಂತ 3: .22ರ ಜೊತೆ ಎರಡು ತಿಂಗಳು (ವಾರ 7 ರಿಂದ 14)

ಭಾವ ತಮ್ಮ .22 ರಿಮ್‌ಫೈರ್ (ಸಣ್ಣ ತೋಟೆಯ) ರೈಫಲ್ ಕೊಟ್ಟರು. ವಾರಕ್ಕೆ 50 ಸುತ್ತು, 50 ಮೀಟರ್‌ನಲ್ಲಿ. ಒಟ್ಟು 400. ಒದೆತ ಇಲ್ಲವೇ ಇಲ್ಲ, ಸದ್ದೂ ಕಡಿಮೆ. ಆದರೂ ಕಿವಿಗೆ ಎರಡು ಪದರ ಹಾಕಿಕೊಂಡೆ, ಒಳಗೆ ಫೋಮ್, ಮೇಲೆ ಮಫ್. ಬೆಚ್ಚಿಬೀಳುವುದರಲ್ಲಿ ಅರ್ಧ ಪಾಲು ಸದ್ದಿನದು ಅನ್ನುವುದು ನನ್ನ ಅನುಭವ.

ಪ್ರತಿ ಹತ್ತರಲ್ಲಿ ಎರಡು ಡಮ್ಮಿ. ಈ ಅಭ್ಯಾಸದ ಎಂಟನೇ ವಾರ ಡಮ್ಮಿಗೆ ಕ್ರಾಸ್‌ಹೇರ್ (ಸ್ಕೋಪ್ ಒಳಗಿನ ಗುರಿಗೆರೆ) ಅಲುಗಲಿಲ್ಲ. ಅಲ್ಲಿವರೆಗೆ ಹೊಸ ರೈಫಲ್ ಕೊಳ್ಳುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ.

ಹಂತ 4: ಕಾರ್ಟ್ರಿಜ್ ಆಯ್ಕೆ (ವಾರ 10 ರಿಂದ 14)

ಪಟ್ಟಿಯಲ್ಲಿ ಐದು ಹೆಸರಿದ್ದವು. .243 ವಿಂಚೆಸ್ಟರ್, 6.5 ಕ್ರೀಡ್‌ಮೂರ್, 7ಎಂಎಂ-08 ರೆಮಿಂಗ್ಟನ್, .308 ವಿಂಚೆಸ್ಟರ್, .270 ವಿಂಚೆಸ್ಟರ್. ಇವುಗಳಲ್ಲಿ .243 ಮತ್ತು 7ಎಂಎಂ-08 ಎರಡೂ .308ರದ್ದೇ ಕೇಸ್, ಕುತ್ತಿಗೆ ಮಾತ್ರ ಕಿರಿದು ಮಾಡಿದ್ದು. .308 ಬಂದಿದ್ದು 1952ರಲ್ಲಿ, .243 1955ರಲ್ಲಿ, 7ಎಂಎಂ-08 1980ರಲ್ಲಿ. .270 ಇವಕ್ಕಿಂತ ಹಳೆಯದು, 1925. ಕ್ರೀಡ್‌ಮೂರ್ ಕಿರಿಯದು, 2007.

3.6 ಕಿಲೋ ರೈಫಲ್ ಎಂದುಕೊಂಡು ಒದೆತದ ಲೆಕ್ಕ ಹಾಕಿದೆ. .243ರಲ್ಲಿ 100 ಗ್ರೇನ್ ಗುಂಡಿಗೆ ಸುಮಾರು 12 ಜೂಲ್. 7ಎಂಎಂ-08ರಲ್ಲಿ 140 ಗ್ರೇನ್‌ಗೆ 17. .308ರಲ್ಲಿ 150 ಗ್ರೇನ್‌ಗೆ 20. ನಾನು ಬಿಟ್ಟ .30-06 ಕೂಡ ಇದೇ ತೂಕದ ರೈಫಲ್‌ನಲ್ಲಿದ್ದಿದ್ದರೆ 27.

ಗುಂಡಿನ ಶಕ್ತಿ ನಳಿಗೆ ತುದಿಯಲ್ಲಿ: .243ಕ್ಕೆ ಸುಮಾರು 2600 ಜೂಲ್, 7ಎಂಎಂ-08ಕ್ಕೆ 3300, .308ಕ್ಕೆ 3600. 200 ಮೀಟರ್ ಒಳಗಿನ ಜಿಂಕೆಗೆ ಮೂರೂ ಬೇಕಾದಷ್ಟು. ಇಲ್ಲಿ ಎರಡು ವಾರ ಸುಮ್ನೆ ಕಳೆದೆ. ರಾತ್ರಿಯೆಲ್ಲ ಕೋಷ್ಟಕ ನೋಡುವುದು, ಬೆಳಿಗ್ಗೆ ಭಾವನಿಗೆ ಫೋನ್ ಮಾಡುವುದು. ಒಂದು ದಿನ ಅವರು ಕೇಳಿದರು, "ಶ್ವಾಸಕೋಶದ ಮೂಲಕ ಹೋದ ಗುಂಡು 6 ಮಿಲಿಮೀಟರ್ ದಪ್ಪನೋ 7 ಮಿಲಿಮೀಟರ್ ದಪ್ಪನೋ ಅಂತ ಜಿಂಕೆಗೆ ಗೊತ್ತಾಗುತ್ತಾ?" ಅಲ್ಲಿಗೆ ಕೋಷ್ಟಕ ಮುಚ್ಚಿದೆ.

ಬೇರೆ ಪ್ರಶ್ನೆ ಕೇಳಿಕೊಂಡೆ. ಇದರಲ್ಲಿ ವರ್ಷಕ್ಕೆ 150 ಸುತ್ತು ಹೆದರದೆ ಹೊಡೆಯಬಲ್ಲೆನಾ? ತೋಟೆ ಸುಲಭವಾಗಿ ಸಿಗುತ್ತಾ? ತಾಮ್ರದ ಗುಂಡಿನದೂ ಸಿಗುತ್ತಾ? ಕೋನದಲ್ಲಿ ನಿಂತ ಜಿಂಕೆಯ ಭುಜದ ಮೂಳೆ ದಾಟಿ ಒಳಗೆ ಹೋಗುತ್ತಾ?

.243 ಹಿತವಾಗಿತ್ತು. ಆದರೆ ಹಗುರ ಗುಂಡಾದ್ದರಿಂದ ಜಾಗ ತುಂಬ ಎಚ್ಚರದಿಂದ ಆರಿಸಬೇಕು. ಪಳಗಿದ ಕೈಗೆ ಇದು ಚೆನ್ನ, ಹೊಸಬನಿಗೆ ಸ್ವಲ್ಪ ಮೂಳೆ ದಾಟುವ ಬಲ ಇರಲಿ ಅನ್ನಿಸಿತು. .270 ಚೆನ್ನಾಗಿದೆ, ಆದರೆ ಅದು .30-06 ವಂಶದ ಉದ್ದ ಕೇಸ್, ಉದ್ದ ಬೋಲ್ಟ್. ಕ್ರೀಡ್‌ಮೂರ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದನ್ನೇ ಕೊಂಡಿದ್ದರೂ ಇಷ್ಟೇ ಖುಷಿಯಾಗಿರುತ್ತಿದ್ದೆ. ಕೊನೆಗೆ ಉಳಿದಿದ್ದು .308 ಮತ್ತು 7ಎಂಎಂ-08. ಎಲ್ಲಿ ಹೋದರೂ ಸಿಗುವುದು .308. ಅದೊಂದೇ ನೋಡಿದ್ದರೆ ಅದನ್ನೇ ಆರಿಸಬೇಕಿತ್ತು. ಆದರೆ ಭಾವನದು 7ಎಂಎಂ-08. ಅದರಲ್ಲಿ ಹತ್ತು ಸುತ್ತು ಹೊಡೆದು ನೋಡಿದೆ. ಡಮ್ಮಿ ಬಂದಾಗ ನಳಿಗೆ ಅಲುಗಲಿಲ್ಲ. ಅಲ್ಲೇ ತೀರ್ಮಾನವಾಯಿತು.

ಇಲ್ಲಿ ಒಂದು ಎಚ್ಚರಿಕೆ. .243, 7ಎಂಎಂ-08, .308 ಮೂರೂ ನೋಡಲು ಒಂದೇ ತರ ಇವೆ. ಕೇಸ್ ತಳದಲ್ಲಿ ಕೊರೆದ ಹೆಸರೂ ನಳಿಗೆಯ ಮೇಲೆ ಕೊರೆದ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದೇ ಮೇಜಿನ ಮೇಲೆ ಎರಡು ಬಗೆಯ ಬಾಕ್ಸ್ ಇಡಬೇಡಿ. ನಾವು ಬೆಂಚನ್ನೇ ಬೇರೆ ಮಾಡಿಕೊಂಡೆವು.

ಹಂತ 5: ರೈಫಲ್ ಆಯ್ಕೆ (ವಾರ 15, 16)

ಈ ಸಲ ಟೇಪ್, ಲಗೇಜ್ ತೂಗುವ ಕೊಕ್ಕೆ ತಕ್ಕಡಿ, ನೋಟ್‌ಬುಕ್ ಹಿಡಿದು ಹೋದೆ. ಆರು ರೈಫಲ್ ನೋಡಿದೆ. ಪರೀಕ್ಷೆ ಸುಲಭದ್ದು. ಖಾಲಿ ಎಂದು ಎರಡು ಸಲ ನೋಡಿ, ಬೋಲ್ಟ್ ತೆರೆದು, ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೆ ಏರಿಸುವುದು. ಕಣ್ಣು ತೆರೆದಾಗ ಸ್ಕೋಪ್ ನೇರ ಕಾಣಬೇಕು. ಕುತ್ತಿಗೆ ಚಾಚಬೇಕಾದರೆ, ಗಲ್ಲ ಎತ್ತಬೇಕಾದರೆ, ಆ ರೈಫಲ್ ಬೇಡ. ಆರರಲ್ಲಿ ನಾಲ್ಕು ಇಲ್ಲೇ ಹೋದವು.

ಆರಿಸಿದ ರೈಫಲ್ ವಿವರ: ಬೋಲ್ಟ್ ಆ್ಯಕ್ಷನ್, ಗಿಡ್ಡ ತೋಟೆಗೆ ಸಾಕಾಗುವ ಚಿಕ್ಕ ಆ್ಯಕ್ಷನ್, ಸಿಂಥೆಟಿಕ್ ಸ್ಟಾಕ್ (ಭುಜಕ್ಕೆ ಒರಗಿಸುವ ಹಿಡಿ). ಖಾಲಿ ತೂಕ 3.1 ಕಿಲೋ. ನಳಿಗೆ 56 ಸೆಂಟಿಮೀಟರ್. ಸ್ಟಾಕ್ ತುದಿಯಿಂದ ಟ್ರಿಗರ್‌ಗೆ 34.3 ಸೆಂಟಿಮೀಟರ್.

ಈ ಕೊನೆಯ ಅಳತೆ ಕಾರ್ಖಾನೆಯ ಮಾಮೂಲಿ ಅಳತೆ. ನನ್ನ ಕೈ ಚಿಕ್ಕದು. ದಪ್ಪ ಜಾಕೆಟ್ ಹಾಕಿದಾಗ ಸ್ಟಾಕ್ ತೋಳಿನ ಸಂದಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ತುದಿಯಲ್ಲಿದ್ದ 12 ಮಿಲಿಮೀಟರ್ ಸ್ಪೇಸರ್ (ಉದ್ದ ಹೆಚ್ಚಿಸುವ ಬಿಲ್ಲೆ) ತೆಗೆದೆ. ಎರಡು ಸ್ಕ್ರೂ, ಹತ್ತು ನಿಮಿಷದ ಕೆಲಸ. ಉದ್ದ 33.1 ಸೆಂಟಿಮೀಟರ್ ಆಯಿತು. ಅಳೆಯುವಾಗ ಬೇಟೆಗೆ ಹಾಕುವ ಜಾಕೆಟ್ಟನ್ನೇ ಹಾಕಿಕೊಂಡಿರಿ.

ಟ್ರಿಗರ್ ಎಳೆಯಲು 2.2 ಕಿಲೋ ಬಲ ಬೇಕಿತ್ತು. ಐದು ಸಲ ತೂಗಿ ಸರಾಸರಿ ತೆಗೆದೆ. ಕಾರ್ಖಾನೆಯವರೇ ಕೊಟ್ಟ ಹೊಂದಾಣಿಕೆ ಸ್ಕ್ರೂ ಇತ್ತು. ಕೈಪಿಡಿ ನೋಡಿಕೊಂಡು 1.4 ಕಿಲೋಗೆ ಇಳಿಸಿದೆ. ಅದಕ್ಕಿಂತ ಕೆಳಗೆ ಹೋಗಲಿಲ್ಲ. ಚಳಿಗೆ ಬೆರಳು ಮರಗಟ್ಟಿದಾಗ ತೀರ ಹಗುರ ಟ್ರಿಗರ್ ಅಪಾಯ. ಇಳಿಸಿದ ಮೇಲೆ ಖಾಲಿ ರೈಫಲ್‌ನ ಬೋಲ್ಟನ್ನು ಹತ್ತು ಸಲ ಬಲವಾಗಿ ಮುಚ್ಚಿದೆ, ಸ್ಟಾಕ್ ತಳವನ್ನು ರಬ್ಬರ್ ಮ್ಯಾಟ್ ಮೇಲೆ ಕುಟ್ಟಿದೆ, ಸೇಫ್ಟಿ ಹಾಕಿ ಎಳೆದು ತೆಗೆದು ನೋಡಿದೆ. ಒಂದು ಸಲವೂ ತಾನಾಗಿ ಬೀಳಲಿಲ್ಲ. ಹೊಂದಾಣಿಕೆ ಸ್ಕ್ರೂ ಇಲ್ಲದ ಟ್ರಿಗರ್ ಆಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಒಳಗೆ ಅರ ಹಾಕುವುದು ಗನ್‌ಸ್ಮಿತ್ ಕೆಲಸ.

ಹಂತ 6: ಸ್ಕೋಪ್ ಕೂರಿಸಿದ್ದು, ಎರಡು ಸಲ (ವಾರ 17 ರಿಂದ 20)

ಸ್ಕೋಪ್ 3-9×40, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿಲಿಮೀಟರ್ ಮುಂಗಾಜಿನದು. ಅದಕ್ಕಿಂತ ದೊಡ್ಡದು ಈ ಕೆಲಸಕ್ಕೆ ಬೇಡ. ಟರೆಟ್, ಅಂದರೆ ಗುರಿ ಹೊಂದಿಸುವ ತಿರುಪು, ಕ್ಲಿಕ್ ಒಂದಕ್ಕೆ 0.1 ಮಿಲ್ (ಕೋನದ ಅಳತೆ) ಸರಿಸುತ್ತದೆ, ಅಂದರೆ 100 ಮೀಟರ್‌ನಲ್ಲಿ 1 ಸೆಂಟಿಮೀಟರ್. ಲೆಕ್ಕ ಸುಲಭವಾಗಲಿ ಅಂತಲೇ ಇದನ್ನು ಆರಿಸಿದೆ.

ಮೊದಲ ಸಲ ಮಾಡಿದ ತಪ್ಪುಗಳು. ಒಂದು, ರಿಸೀವರ್ (ಬೋಲ್ಟ್ ಕೂರುವ ಲೋಹದ ಭಾಗ) ಮೇಲಿನ ಸ್ಕ್ರೂ ತೂತುಗಳಲ್ಲಿ ಕಾರ್ಖಾನೆಯ ಎಣ್ಣೆ ಇತ್ತು, ಒರೆಸಲಿಲ್ಲ. ಎರಡು, ಟಾರ್ಕ್ ಡ್ರೈವರ್ (ಬಿಗಿತ ಅಳೆದು ತಿರುಗಿಸುವ ಸ್ಕ್ರೂಡ್ರೈವರ್) ಇಲ್ಲದೆ ಎಲ್ ಕೀಯಲ್ಲೇ "ಸಾಕು" ಅನ್ನಿಸುವಷ್ಟು ತಿರುಗಿಸಿದೆ. ಮೂರು, ಸ್ಕೋಪಿನಿಂದ ಕಣ್ಣಿಗೆ ಇರುವ ದೂರವನ್ನು ಬೆಂಚಿನ ಮೇಲೆ ಕೂತು ಮಾತ್ರ ನೋಡಿದೆ.

ಮೂರನೆಯದರ ಫಲ ಬೇಗ ಸಿಕ್ಕಿತು. ಇಳಿಜಾರಿನಲ್ಲಿ ಮಲಗಿ ಮೇಲಕ್ಕೆ ಗುರಿ ಇಟ್ಟಾಗ ತಲೆ ತಾನಾಗಿ ಮುಂದೆ ಹೋಗುತ್ತದೆ. ಒದೆತಕ್ಕೆ ಸ್ಕೋಪ್ ಅಂಚು ಹುಬ್ಬಿಗೆ ಬಡಿದು ರಕ್ತ ಬಂತು. ಸಣ್ಣ ಗಾಯ. ಆದರೆ ಹೋದ ಹೆದರಿಕೆ ಮತ್ತೆ ಬಂದಂತಾಗಿ ಒಂದು ವಾರ .22ಕ್ಕೆ ವಾಪಸ್ ಹೋಗಬೇಕಾಯಿತು.

ಮೊದಲ ಎರಡರ ಫಲ 30 ಸುತ್ತು ಆದ ಮೇಲೆ ಬಂತು. ಸರಿಯಾಗಿ ಬೀಳುತ್ತಿದ್ದ ಗುಂಡುಗಳ ಗುಂಪು ಇದ್ದಕ್ಕಿದ್ದಂತೆ 9 ಸೆಂಟಿಮೀಟರ್ ಬಲಕ್ಕೆ ಸರಿಯಿತು. ಗಾಳಿ ಎಂದುಕೊಂಡು ಒಂಬತ್ತು ಕ್ಲಿಕ್ ಎಡಕ್ಕೆ ತಿರುಗಿಸಿದೆ. ಮುಂದಿನ ಗುಂಪು ಬೇರೆಲ್ಲೋ ಬಿತ್ತು. ಗುಂಪು ಓಡಾಡಲು ಶುರುವಾದರೆ ಕ್ಲಿಕ್ ಮುಟ್ಟಬಾರದು, ಮೊದಲು ಸ್ಕ್ರೂ ನೋಡಬೇಕು. ಇದು ಗೊತ್ತಾಗಲು 14 ತೋಟೆ ಖರ್ಚಾಯಿತು. ಬಿಚ್ಚಿ ನೋಡಿದರೆ ಮುಂದಿನ ಬೇಸ್‌ನ (ರಿಂಗ್ ಕೂರುವ ತಳ) ಒಂದು ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ರಿಂಗ್ ಮಾತ್ರ ಅತಿ ಬಿಗಿ, ಸ್ಕೋಪ್ ಕೊಳವೆಯ ಮೇಲೆ ಗೆರೆ ಬಿದ್ದಿತ್ತು. ಅದೃಷ್ಟಕ್ಕೆ ಒಳಗೆ ಏನೂ ಆಗಿರಲಿಲ್ಲ.

ಎರಡನೇ ಸಲ ಕ್ರಮವಾಗಿ ಮಾಡಿದೆ. ತೂತು, ಸ್ಕ್ರೂ ಎಲ್ಲವನ್ನೂ ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿದೆ. ಬೇಸ್ ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ, ಟಾರ್ಕ್ 2.3 ನ್ಯೂಟನ್ ಮೀಟರ್. ಸ್ಕೋಪ್ ಸಡಿಲವಾಗಿಟ್ಟು, 9ಕ್ಕೆ ತಿರುಗಿಸಿ, ನಿಂತು, ಮಂಡಿಯೂರಿ, ಮಲಗಿ ನೋಡಿದೆ. ಮಲಗಿದಾಗಲೂ ಹುಬ್ಬಿನಿಂದ 9 ಸೆಂಟಿಮೀಟರ್ ಇರುವಂತೆ ಮುಂದೆ ಸರಿಸಿದೆ. ಗೋಡೆಗೆ ತೂಗುಗುಂಡು ಇಳಿಬಿಟ್ಟು ಕ್ರಾಸ್‌ಹೇರ್‌ನ ನಿಂತ ಗೆರೆಯನ್ನು ದಾರಕ್ಕೆ ಸರಿಯಾಗಿ ಹೊಂದಿಸಿದೆ. ರಿಂಗ್ ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪ, 1.8 ನ್ಯೂಟನ್ ಮೀಟರ್‌ವರೆಗೆ. ಈ ಅಂಕಿಗಳು ನನ್ನ ಬೇಸ್, ರಿಂಗ್ ಜೊತೆ ಬಂದ ಚೀಟಿಯವು. ನಿಮ್ಮದಕ್ಕೆ ನಿಮ್ಮ ಚೀಟಿ ನೋಡಿ. ಕೊನೆಗೆ ಪ್ರತಿ ಸ್ಕ್ರೂ ತಲೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದೆ. ತಿರುಗಿದರೆ ಕಣ್ಣಿಗೆ ಕಾಣುತ್ತದೆ.

ಎಲ್ಲ ಸೇರಿ ತೂಕ 3.6 ಕಿಲೋ.

ಹಂತ 7: ಜೀರೋ (ವಾರ 20 ರಿಂದ 22)

ಬೋಲ್ಟ್ ತೆಗೆದು, ನಳಿಗೆಯ ಒಳಗಿಂದ 25 ಮೀಟರ್ ದೂರದ ಕಪ್ಪು ಚುಕ್ಕೆ ನೋಡಿ, ರೈಫಲ್ ಅಲುಗದಂತೆ ಮರಳಿನ ಚೀಲದ ಮೇಲಿಟ್ಟು, ಸ್ಕೋಪನ್ನು ಅದೇ ಚುಕ್ಕೆಗೆ ತಂದೆ. ಮೊದಲ ಮೂರು ಗುಂಡು 6 ಸೆಂಟಿಮೀಟರ್ ಕೆಳಗೆ, 3 ಸೆಂಟಿಮೀಟರ್ ಎಡಕ್ಕೆ ಬಿದ್ದವು.

ಇಲ್ಲಿ ಎರಡು ತಪ್ಪು ಒಟ್ಟಿಗೆ ಮಾಡಿದೆ. ಕ್ಲಿಕ್‌ಗೆ 1 ಸೆಂಟಿಮೀಟರ್ ಎಂದು ಆರು ಕ್ಲಿಕ್ ಮೇಲೆ ಕೊಟ್ಟೆ. 25 ಮೀಟರ್‌ನಲ್ಲಿ ಕ್ಲಿಕ್‌ಗೆ ಕಾಲು ಸೆಂಟಿಮೀಟರ್ ಮಾತ್ರ! ಜೊತೆಗೆ ಬಾಣದ ಗುರುತನ್ನು ತಪ್ಪಾಗಿ ಓದಿದೆ. ಟರೆಟ್ ಮೇಲಿನ ಬಾಣ ಗುಂಡು ಬೀಳುವ ಜಾಗ ಎತ್ತ ಹೋಗುತ್ತದೆ ಎಂದು ಹೇಳುತ್ತದೆ. ನಾನು ಕ್ರಾಸ್‌ಹೇರ್ ಎತ್ತ ಹೋಗುತ್ತದೆ ಎಂದುಕೊಂಡೆ. ಮುಂದಿನ ಮೂರು ಗುಂಡು 4.5 ಸೆಂಟಿಮೀಟರ್ ಕೆಳಗೆ, 3.75 ಎಡಕ್ಕೆ. ಅಂಕಿ ಬರೆದುಕೊಂಡಿದ್ದರಿಂದ ಎಲ್ಲಿ ಎಡವಿದೆ ಎಂದು ತಕ್ಷಣ ಗೊತ್ತಾಯಿತು. 16 ಕ್ಲಿಕ್ ಮೇಲೆ, 15 ಬಲಕ್ಕೆ. ಮೂರನೇ ಗುಂಪು ಚುಕ್ಕೆಗಿಂತ ಅರ್ಧ ಸೆಂಟಿಮೀಟರ್ ಕೆಳಗೆ ಕೂತಿತು. 25 ಮೀಟರ್‌ನಲ್ಲಿ ನನಗೆ ಬೇಕಿದ್ದೂ ಅದೇ. ಸ್ಕೋಪ್ ನಳಿಗೆಗಿಂತ 4 ಸೆಂಟಿಮೀಟರ್ ಮೇಲಿದೆ. ಹತ್ತಿರದಲ್ಲಿ ಗುಂಡು ಸ್ವಲ್ಪ ಕೆಳಗೇ ಇರಬೇಕು.

ನಂತರ 100 ಮೀಟರ್. ಮೂರು ಬಗೆಯ ತೋಟೆ ತಂದಿದ್ದೆ, ಎಲ್ಲವೂ 140 ಗ್ರೇನ್ ಆಸುಪಾಸು. ಮೊದಲನೆಯದು ಸೀಸದ ತುದಿಯದು. ಮೂರು ಗುಂಡು 17 ಮಿಲಿಮೀಟರ್ ಒಳಗೆ ಬಿದ್ದವು. ಖುಷಿಯಲ್ಲಿ ಅದನ್ನೇ ಐದು ಬಾಕ್ಸ್ ಕೊಳ್ಳಲು ಹೊರಟಿದ್ದೆ. ಭಾವ ತಡೆದರು. "ಹತ್ತು ಹೊಡಿ, ಆಮೇಲೆ ಮಾತಾಡು." ಹತ್ತು ಹೊಡೆದಾಗ 62 ಮಿಲಿಮೀಟರ್. ಮೂರು ಗುಂಡಿನ ಗುಂಪನ್ನು ನಂಬಬೇಡಿ.

ಎರಡನೆಯದು ಹತ್ತಕ್ಕೆ 71. ಮೂರನೆಯದು ತಾಮ್ರದ ಗುಂಡು, ಹತ್ತಕ್ಕೆ 44. ಪ್ರತಿ ಮೂರು ಸುತ್ತಿಗೆ ಹತ್ತು ನಿಮಿಷ ಬಿಟ್ಟು ಹೊಡೆದೆ. ಬೇಟೆ ರೈಫಲ್‌ನ ತೆಳು ನಳಿಗೆ ಕಾದರೆ ಗುಂಪು ಹರಡುತ್ತದೆ. ತಾಮ್ರದ್ದನ್ನೇ ಆರಿಸಿದೆ. ಹಂತ 1ರಲ್ಲಿ ಬರೆದ ಸಾಲು ಇಲ್ಲಿ ಕೆಲಸಕ್ಕೆ ಬಂತು. ಒಂದು ಮಾತು: ತಾಮ್ರದ ಗುಂಡು ಅರಳಲು ವೇಗ ಬೇಕು. ಸೆಕೆಂಡಿಗೆ 600 ಮೀಟರ್‌ಗಿಂತ ಕೆಳಗಾದರೆ ಅನುಮಾನ. ನನ್ನ 200 ಮೀಟರ್ ಮಿತಿಯೊಳಗೆ ಆ ಚಿಂತೆ ಇಲ್ಲ.

100 ಮೀಟರ್‌ನಲ್ಲಿ ಚುಕ್ಕೆಗಿಂತ 4 ಸೆಂಟಿಮೀಟರ್ ಮೇಲೆ ಬೀಳುವಂತೆ ಇಟ್ಟೆ. 50 ಮೀಟರ್‌ನಲ್ಲಿ 2 ಮೇಲೆ ಬಂತು. 200 ಮೀಟರ್‌ನಲ್ಲಿ 3.5 ಕೆಳಗೆ. ಅಂದರೆ 200 ಮೀಟರ್ ಒಳಗೆ ಎಲ್ಲಿದ್ದರೂ ನೇರ ಗುರಿ ಇಟ್ಟರೆ ಸಾಕು. ಲೆಕ್ಕ ಹಾಕುತ್ತ ಕೂರಬೇಕಿಲ್ಲ.

ನಳಿಗೆ ಬಗ್ಗೆಯೂ ಒಂದು ಪಾಠ. ತೊಳೆದು ಎಣ್ಣೆ ಹಚ್ಚಿಟ್ಟ ನಳಿಗೆಯ ಮೊದಲ ಗುಂಡು 5 ಸೆಂಟಿಮೀಟರ್ ಪಕ್ಕಕ್ಕೆ ಹೋಯಿತು. ಮೂರು ಸಲ ನೋಡಿದೆ, ಮೂರು ಸಲವೂ ಹಾಗೇ. ಬೇಟೆಯಲ್ಲಿ ಮೊದಲ ಗುಂಡೇ ಎಲ್ಲ. ಹಾಗಾಗಿ ಸೀಸನ್ ಮೊದಲು ಎಣ್ಣೆ ಒರೆಸಿ, ಎರಡು ಸುತ್ತು ಹೊಡೆದು, ಸೀಸನ್ ಮುಗಿಯುವವರೆಗೆ ಮತ್ತೆ ತೊಳೆಯದೆ ಬಿಡುತ್ತೇನೆ.

ಖರ್ಚಿನ ಲೆಕ್ಕ ಇಲ್ಲಿವರೆಗೆ. ಮೊದಲ ರೈಫಲ್‌ನ ನಷ್ಟ ಬಿಟ್ಟು, ಒಟ್ಟು ನೂರು ಎಂದುಕೊಂಡರೆ ರೈಫಲ್ 45, ಸ್ಕೋಪ್ 28, ಬೇಸ್ ಮತ್ತು ರಿಂಗ್ 5, ತೋಟೆ 16, ಟಾರ್ಕ್ ಡ್ರೈವರ್ ಮತ್ತು ಚಿಲ್ಲರೆ 6. ಟಾರ್ಕ್ ಡ್ರೈವರ್ ಮೊದಲೇ ಕೊಂಡಿದ್ದರೆ ಅದರ ಬೆಲೆಗಿಂತ ಜಾಸ್ತಿ ತೋಟೆ ಉಳಿಯುತ್ತಿತ್ತು.

ಹಂತ 8: ಬೆಂಚ್ ಬಿಟ್ಟು ನೆಲಕ್ಕೆ (ವಾರ 23 ರಿಂದ 27)

ಇಲ್ಲಿ ಕಲಿತಷ್ಟು ಉಳಿದ ಹಂತಗಳಲ್ಲೆಲ್ಲ ಸೇರಿಸಿದರೂ ಕಲಿಯಲಿಲ್ಲ.

ಗುರಿಯಾಗಿ 15 ಸೆಂಟಿಮೀಟರ್ ಅಗಲದ ಕಾಗದದ ತಟ್ಟೆ ಇಟ್ಟೆ. ಹೃದಯ, ಶ್ವಾಸಕೋಶದ ಜಾಗ ಅದಕ್ಕಿಂತ ಸ್ವಲ್ಪ ದೊಡ್ಡದೇ, ಆದರೆ ಕಾಡಿನಲ್ಲಿ ಎದೆ ಬಡಿದುಕೊಳ್ಳುವಾಗ ನಾನು ಇನ್ನೂ ಕೆಡುತ್ತೇನೆ. ನಿಯಮ ಒಂದೇ. ಯಾವ ಭಂಗಿಯಲ್ಲಿ, ಯಾವ ದೂರದಲ್ಲಿ ಹತ್ತಕ್ಕೆ ಹತ್ತೂ ತಟ್ಟೆಗೆ ಬೀಳುತ್ತದೋ ಅದೇ ಆ ಭಂಗಿಯ ಮಿತಿ. ಹತ್ತಕ್ಕೆ ಒಂಬತ್ತು ಸಾಲದು. ಆ ಹತ್ತನೆಯದು ಗಾಯಗೊಂಡು ಓಡುವ ಒಂದು ಪ್ರಾಣಿ.

ಬೆನ್ನುಚೀಲದ ಮೇಲೆ ಇಟ್ಟು ಮಲಗಿ: 200 ಮೀಟರ್‌ಗೆ ಹತ್ತಕ್ಕೆ ಹತ್ತು. ಮೂರು ಕಾಲಿನ ಕೋಲಿನ ಮೇಲಿಟ್ಟು ಮಂಡಿಯೂರಿ: 200ಕ್ಕೆ ಆರು, 150ಕ್ಕೆ ಒಂಬತ್ತು, 120ಕ್ಕೆ ಹತ್ತು. ಅದೇ ಕೋಲಿನ ಮೇಲೆ ನಿಂತು: 80ಕ್ಕೆ ಹತ್ತು. ಏನೂ ಆಸರೆ ಇಲ್ಲದೆ ನಿಂತು: 100 ಮೀಟರ್‌ನಲ್ಲಿ ಹತ್ತಕ್ಕೆ ಮೂರು! 40 ಮೀಟರ್‌ಗೆ ಬಂದ ಮೇಲೆ ಹತ್ತು ಬಿದ್ದವು.

ಬೆಂಚಿನ ಮೇಲೆ 44 ಮಿಲಿಮೀಟರ್ ಗುಂಪು ಹೊಡೆಯುವ ಅದೇ ರೈಫಲ್, ಅದೇ ತೋಟೆ, ಅದೇ ಮನುಷ್ಯ. ಕಾರ್ಟ್ರಿಜ್ ಬಗ್ಗೆ ಕಳೆದ ಆ ಎರಡು ವಾರ ಇಲ್ಲಿಗೆ ಬರಬೇಕಿತ್ತು.

ದಿನಾ ಸಂಜೆ ಹತ್ತು ನಿಮಿಷ ಖಾಲಿ ರೈಫಲ್‌ನಲ್ಲಿ, ಡಮ್ಮಿ ಹಾಕಿ, ಕೋಲಿನ ಮೇಲೆ ಅಭ್ಯಾಸ ಮಾಡಿದೆ. ತೋಟೆಯನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿದ ಮೇಲೆಯೇ. ಐದು ವಾರದಲ್ಲಿ ಮಂಡಿಯೂರಿದ ಮಿತಿ 120ರಿಂದ 150ಕ್ಕೆ ಏರಿತು. ಮಿತಿಗಳನ್ನು ಅಂಟುಪಟ್ಟಿಯ ಮೇಲೆ ಬರೆದು ಸ್ಟಾಕ್‌ಗೆ ಅಂಟಿಸಿದೆ: ಮಲಗಿ 200, ಮಂಡಿ 150, ನಿಂತು ಕೋಲು 80, ಬರಿಗೈ 40.

ಹಂತ 9: ಸೀಸನ್ (ವಾರ 29)

ಮೊದಲ ದಿನ ಬೆಳಿಗ್ಗೆ. ದೂರದ ಇಳಿಜಾರು ನೋಡುತ್ತ ಸ್ಕೋಪನ್ನು 9ಕ್ಕೆ ತಿರುಗಿಸಿ ಹಾಗೇ ಬಿಟ್ಟಿದ್ದೆ. ತಿರುವಿನಲ್ಲಿ 40 ಮೀಟರ್‌ಗೆ ಜಿಂಕೆ ಎದ್ದಿತು. ಸ್ಕೋಪ್‌ನಲ್ಲಿ ಬರೀ ಕಂದು ಬಣ್ಣ. ತಲೆ ಯಾವುದು, ಬಾಲ ಯಾವುದು ತಿಳಿಯಲಿಲ್ಲ. ಹುಡುಕುವಷ್ಟರಲ್ಲಿ ಹೋಯಿತು. ಅವತ್ತಿನಿಂದ ನಡೆಯುವಾಗ ಯಾವಾಗಲೂ 3ರಲ್ಲೇ. ದೂರದ ಜಿಂಕೆ ಇದ್ದರೆ ತಿರುಗಿಸಲು ಸಮಯ ಇದ್ದೇ ಇರುತ್ತದೆ. ನೋಡಲು ಬೈನಾಕ್ಯುಲರ್ ಇದೆ. ಗುರುತು ಹಚ್ಚುವುದಕ್ಕೆ ರೈಫಲ್ ಎತ್ತುವುದು ಬೇಡ.

ಎರಡನೇ ದಿನ ಮಧ್ಯಾಹ್ನ ಮಳೆ ನಿಂತ ಮೇಲೆ ಒಂದು ಗಂಡು ಜಿಂಕೆ ಹೊರಗೆ ಬಂತು. ರೇಂಜ್‌ಫೈಂಡರ್‌ನಲ್ಲಿ 92 ಮೀಟರ್. ಕೋಲು ಬಿಡಿಸಿ ಮಂಡಿಯೂರಿದೆ. ಎದುರು ಮುಖ ಮಾಡಿ ನಿಂತಿತ್ತು. ಕಾದೆ. ನಾಲ್ಕು ನಿಮಿಷ ಇರಬಹುದು. ಪಕ್ಕಕ್ಕೆ ತಿರುಗಿತು. ಹಿಂದೆ ಮಣ್ಣಿನ ದಿಬ್ಬ, ಗುಂಡು ದಾಟಿದರೂ ಅಲ್ಲೇ ನಿಲ್ಲುತ್ತದೆ. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ಟ್ರಿಗರ್ ಯಾವಾಗ ಬಿತ್ತು ಗೊತ್ತಾಗಲಿಲ್ಲ. ಒದೆತವೂ ನೆನಪಿಲ್ಲ. ಕಣ್ಣು ತೆರೆದೇ ಇತ್ತು.

ಜಿಂಕೆ ಬೆನ್ನು ಬಾಗಿಸಿ ಓಡಿತು. ನಾನು ಎದ್ದು ನಿಂತು ನೋಡುತ್ತಿದ್ದೆ. ಭಾವ ಪಿಸುಗುಟ್ಟಿದರು, "ಬೋಲ್ಟ್ ಎಳಿ ಮೊದಲು." ಎರಡನೇ ತೋಟೆ ಹಾಕಿಯೇ ಇರಲಿಲ್ಲ. ಬೇಕಾಗಲಿಲ್ಲ, ಆದರೆ ಬೇಕಾಗಿದ್ದರೆ? ಅಭ್ಯಾಸದಲ್ಲಿ ಪ್ರತಿ ಸಲ ಒಂದೊಂದೇ ತೋಟೆ ಕೈಯಲ್ಲಿ ಹಾಕುತ್ತಿದ್ದೆ. ಹೊಡೆದ ಕೂಡಲೇ ಕೈ ಬೋಲ್ಟ್‌ಗೆ ಹೋಗುವ ರೂಢಿಯೇ ಬೆಳೆದಿರಲಿಲ್ಲ.

20 ನಿಮಿಷ ಕಾದೆವು. ಹೊಡೆದ ಜಾಗದಲ್ಲಿ ತಿಳಿ ಕೆಂಪು, ನೊರೆ ಇರುವ ರಕ್ತ. ಶ್ವಾಸಕೋಶದ್ದು. ಕಡುಗೆಂಪಾಗಿದ್ದರೆ ಯಕೃತ್ತು, ಹಸಿರು ಕಂಡರೆ ಹೊಟ್ಟೆ. ಆಗ ಗಂಟೆಗಟ್ಟಲೆ ಕಾಯಬೇಕು, ಬೆನ್ನಟ್ಟಬಾರದು. 38 ಹೆಜ್ಜೆ ದೂರದಲ್ಲಿ ಪೊದೆಯ ಹಿಂದೆ ಬಿದ್ದಿತ್ತು. ಕಣ್ಣಿಗೆ ಕಡ್ಡಿ ಮುಟ್ಟಿಸಿ ನೋಡಿದೆವು, ರೆಪ್ಪೆ ಅಲುಗಲಿಲ್ಲ. ಗುಂಡು ಎರಡೂ ಶ್ವಾಸಕೋಶ ದಾಟಿ ಆಚೆ ಹೊರಬಿದ್ದಿತ್ತು. ಗುರಿ ಇಟ್ಟ ಜಾಗಕ್ಕಿಂತ ಮೂರು ಬೆರಳು ಹಿಂದೆ. ಮಾಂಸ ಹೆಚ್ಚು ಹಾಳಾಗಿರಲಿಲ್ಲ. ಸ್ವಲ್ಪ ಹೊತ್ತು ಅದರ ಪಕ್ಕ ಸುಮ್ಮನೆ ಕೂತಿದ್ದೆ. ಆಮೇಲೆ ಟ್ಯಾಗ್ ಕಟ್ಟಿದೆ.

ಉಳಿದ ಕೆಲಸ

ಮಳೆಯಲ್ಲಿ ನೆನೆದ ರೈಫಲನ್ನು ಆ ರಾತ್ರಿ ಒರೆಸಿದೆ, ಆದರೆ ಸ್ಟಾಕ್ ಬಿಚ್ಚಲಿಲ್ಲ. ನಾಲ್ಕು ದಿನ ಬಿಟ್ಟು ಬಿಚ್ಚಿದಾಗ ನಳಿಗೆಯ ಅಡಿಯಲ್ಲಿ ತುಕ್ಕಿನ ಚುಕ್ಕೆ. ಎಣ್ಣೆ ಮತ್ತು ಅತಿ ನಯದ ಸ್ಟೀಲ್ ವುಲ್‌ನಲ್ಲಿ ಉಜ್ಜಿದೆ, ಹೋಯಿತು. ಗುರುತು ಸ್ವಲ್ಪ ಉಳಿದಿದೆ. ಸ್ಟಾಕ್ ಮತ್ತೆ ಕೂರಿಸಿದ್ದರಿಂದ ಜೀರೋ ಸರಿದಿರಬಹುದು. ಇನ್ನೂ ನೋಡಿಲ್ಲ.

ರೈಫಲನ್ನು ಹೆಗಲಿಗೆ ಹಾಕುವ ಪಟ್ಟಿಯ ಕೊಕ್ಕೆ ನಡೆಯುವಾಗ ಕಿರುಗುಟ್ಟುತ್ತದೆ, ಅದಕ್ಕೆ ರಬ್ಬರ್ ವಾಷರ್ ಹಾಕಬೇಕು. ಅದೇ ಬಗೆಯ ತೋಟೆ, ಅದೇ ಲಾಟ್ ನಂಬರಿನದು ಮೂರು ಬಾಕ್ಸ್ ತೆಗೆದಿಟ್ಟಿದ್ದೇನೆ. ಮುಂದಿನ ಭಾನುವಾರ ರೇಂಜ್‌ಗೆ ಹೋಗಿ 100 ಮೀಟರ್‌ನಲ್ಲಿ ಮೂರು ಹೊಡೆದು ಜೀರೋ ನೋಡುತ್ತೇನೆ. ಆಮೇಲೆ ಕೋಲಿನ ಮೇಲೆ ಹತ್ತು, ಮ್ಯಾಗಜೀನ್ ತುಂಬಿ, ಪ್ರತಿ ಈಡಿಗೂ ಬೋಲ್ಟ್ ಎಳೆಯುತ್ತ.